ನೂರಾ ಒಂದು

ಬೆಳಗಿನ ಐದೂವರಿಗೆ ಬೆಟಗೇರಿಯೊಳಗ
ಒಂದೂ ಮಗ್ಗ ಎದ್ದಿರೂದಿಲ್ಲ.
ಚೆಂಗ್ಡುವಿನ್ಯಾಗ ಆಗ ಎಂಟು.
ಶ್ಯೂಫೆನ್ ತಲಿ ಬಾಚಿಕೊಂಡು, ಕನ್ನಡಕ ಒರಸಿ
ಪರದೆ ಮ್ಯಾಲ ಬಂದು ಕುಂತಿರತಾಳ.
ನಂದಿನ್ನೂ ಚಹಾ ಆಗಿರೂದಿಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಿನ್ಯಾಗ ಇಂಗ್ಲಿಷ್ ಹೇಳಿ
ರಿಟೈರಾದ ಮ್ಯಾಲ ಸಿಕ್ಕ ಕೆಲಸ ಇದು, ತಾಸಿಗೆ ಇಷ್ಟು ಅಂತ.
ಈ ವಾರದ ಪಾಠ: ವಿಧಿ, ಸಂಪ್ರದಾಯ, ಸಮಾರಂಭ.
ಮಗಳ ಲಗ್ನ ಐತಿ ಆಕೀದು, ಲೀಡ್ಸಿನ್ಯಾಗ.
ಗ್ಲಾಸ್ ಹಿಡದು ಎದ್ದು ನಿಂತು
ಬೀಗರ ಮುಂದ ನಾಕು ಮಾತು ಆಡಬೇಕಂತ.

ಅದಕ್ಕ ಟೋಸ್ಟ್ ಅಂತಾರ, ಅಂದೆ.
ಟೋಸ್ಟ್ ಅಂದ್ರ ಬ್ರೆಡ್ಡಲ್ಲಾ?
ಹೌದವಾ, ನನಗೂ ಅದು ಬೇಕರಿ ಸಾಮಾನ.

ಸೆರೆಮನಿ ಅಂದ್ರೇನು, ಕೇಳಿದ್ಲು.
ಪುಸ್ತಕದಾಗಿನ ಅರ್ಥ ಓದಿದೆ. ಇಬ್ಬರಿಗೂ ತಿಳೀಲಿಲ್ಲ.
ಬಸುರಿಗೆ ಕುಬಸಾ ಮಾಡತೇವಿ, ಅಂದೆ,
ಹಸರ ಸೀರಿ, ಹಸರ ಬಳಿ, ಐದು ಮಂದಿ ಉಡಿ ತುಂಬತಾರ.
ಉಡಿಗೆ ಇಂಗ್ಲಿಷ್ ಸಿಗಲಿಲ್ಲ ನನಗ.
ಸೆರಗು ಹಿಡದು ಕ್ಯಾಮೆರಾಕ್ಕ ತೋರಿಸಿದೆ.
ಆಕಿ ತನ್ನ ಅಂಗಿ ಚುಂಗು ಹಿಡದು ನೋಡಿಕೊಂಡ್ಲು,
ಒಂದು ಬೊಗಸಿ ಅಕ್ಕಿನೂ ಹಿಡೀತಿರಲಿಲ್ಲ ಅದರಾಗ.

ಗಿಫ್ಟ್ ಅನ್ನೂ ಶಬ್ದಕ್ಕ ಬಂದಾಗ
ನಾನು ಶಾಣ್ಯಾಕಿ ಆಗಾಕ ಹೋದೆ.
ಕಪಾಟಿನ್ಯಾಗಿನ ಮುಯ್ಯಿ ಲಕೋಟಿ ತಂದೆ,
ಒಳಗ ನೂರರ ನೋಟು, ಹೊರಗ ಒಂದು ರೂಪಾಯಿ ಅಂಟಿಸಿದ್ದು.
ಸೊನ್ನಿ ಮ್ಯಾಲ ನಿಲ್ಲಿಸಬಾರದು ನೋಡು,
ಒಂದು ಹೆಚ್ಚಿಗಿ ಇಟ್ರ ಮುಂದ ಬೆಳೀತೈತಿ.
ಶ್ಯೂಫೆನ್ ಬಾಯಿ ಮ್ಯಾಲ ಕೈ ಇಟ್ಟಳು.
ನಮ್ಮಲ್ಲಿ ನೂರಾ ಒಂದು ಸತ್ತವರ ಮನಿಗೆ.
ಬಿಳೇ ಲಕೋಟಿ.
ಮದವಿಗೆ ಜೋಡಿ ಅಂಕಿ, ಕೆಂಪಿನ್ಯಾಗ ಇಟ್ಟು.
ಸಾವಿಗೆ ಬೆಸ, ಯಾಕಂದ್ರ
ಅದು ಜೋಡಿ ಹುಡುಕ್ಕೊಂಡು ಮತ್ತ ಬರಬಾರದು.

ಇಬ್ಬರೂ ಸುಮ್ಮನಾದ್ವಿ. ಕೆಳಗ ಯಾರೋ ಮಗ್ಗ ಶುರು ಮಾಡಿದ್ರು.
ಹಂಗಾದ್ರ ಅದೇ ಒಂದು ರೂಪಾಯಿ
ಇಲ್ಲಿ ಬಾ ಅಂತೈತಿ, ಅಲ್ಲಿ ಬರಬ್ಯಾಡ ಅಂತೈತಿ.

ಮುಂದಿನ ಪುಟದಾಗ ಸಾವಿನ ಮನಿಯ ಮಾತು:
ಸಾರಿ ಫಾರ್ ಯುವರ್ ಲಾಸ್.
ಲಾಸ್ ಅಂದ್ರ, ಅಂಗಡೀದಾ? ಕೇಳಿದ್ಲು.
ನಮ್ಮ ಮನಿಯವರು ಹೋದಾಗ ಮಂದಿ ಬಂದ್ರು, ಕುಂತ್ರು.
ಏನೂ ಅನ್ನದ ಎದ್ದು ಹೋದ್ರು.
ಸಾವಿನ ಮನಿಯಾಗ ಹೋಗಿ ಬರತೇನಿ ಅನ್ನಂಗಿಲ್ಲ.
ಪಡಸಾಲಿಯಾಗ ಚಪ್ಲಿ ಹುಡುಕೂ ಸಪ್ಪಳ,
ಆಮ್ಯಾಲ ಅದೂ ಇಲ್ಲ.
ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ? ಪೆನ್ನು ಹಿಡದು ಕುಂತಿದ್ಲು.
ಜಾಗಾ ಬಿಟ್ಟು ಮುಂದ ಬರಕೋ, ಅಂದೆ.

ತಾಸು ಮುಗೀತು.
ಸೀ ಯೂ ಅನ್ನಾಕಿ ಇವತ್ತ್ಯಾಕೋ
ನನ್ನ ಬಾಯಿಂದ ಕೇಳಿ ಕೇಳಿ ಕಲ್ತದ್ದು ಅಂದ್ಲು:
ಬರತೇನ್ರಿ.

ರವಿವಾರ ಕಬಾಡೇರ ಮನಿ ಲಗ್ನ.
ಲಕೋಟಿ ಹೊಳ್ಳಿಸಿ ನೋಡಿದೆ,
ಉಗುರಿಲೆ ರೂಪಾಯಿ ಕಿತ್ತೆ.
ಚಹಾ ಉಕ್ಕೂ ವಾಸನಿ ಬಂತು, ಒಳಗ ಓಡಿದೆ.
ಹೊಳ್ಳಿ ಬಂದು ಮತ್ತ ಅಂಟಿಸಿದೆ,
ಈ ಸರ್ತಿ ಸ್ವಲ್ಪ ಸೊಟ್ಟ.