ಒಲೇನ್

ಬಾ ಕ್ಲೆಲಿ, ಆ ಬಕೆಟ್ಟು ಸರಿಸಿ ಕೂತುಕೋ,
ಬಸುರಿ ನೀನು, ಸಿಗಡಿ ಸುಲಿಯುವುದು ಬೇಡ.
ಹೆಸರಿನ ಪುಸ್ತಕ ತಂದಿದ್ದೀಯಲ್ಲ, ಓದು ನೋಡೋಣ:
"ಒಲೇನ್. ಹೆಣ್ಣು. ಫ್ರೆಂಚ್ ಇರಬಹುದು.
ಮೂಲ ಸಿಕ್ಕಿಲ್ಲ. ಅರ್ಥ ಸಿಕ್ಕಿಲ್ಲ."

ಎಂಬತ್ತೊಂದು ವರ್ಷ ಹೊತ್ತಿದ್ದೇನೆ ಮಾರಾಯ್ತಿ,
ಲೂಯಿಸಿಯಾನದ ಈ ಕಟ್ಟಕಡೆಯ ಕೆಸರಿನಲ್ಲಿ,
ಅರ್ಥ ಇಲ್ಲದೆಯೇ?

ಶಾಲೆಯ ಹಾಜರಿಯಲ್ಲಿ ಆರು ವರ್ಷ ನಾನು ಎಲೇನ್.
ತಿದ್ದಲು ಬಾಯಿ ತೆರೆದರೆ ಫ್ರೆಂಚ್ ಬೀಳುತ್ತಿತ್ತು,
ಬಿದ್ದರೆ ಜೋಳದ ಕಾಳಿನ ಮೇಲೆ ಮಂಡಿಯೂರಬೇಕು.
ಆಮೇಲೆ ಕಾಲ ತಿರುಗಿತು,
ಪ್ಯಾರಿಸ್ಸಿನಿಂದ ಒಬ್ಬಳು ಟೀಚರು ಬಂದಳು
ನಮ್ಮ ಫ್ರೆಂಚಿನ ರಿಪೇರಿಗೆ.
ಅವಳೆಂದಳು: "ಲೇನ್ ಅಂದರೆ ಉಣ್ಣೆ.
ಓ ಲೇನ್! ಎಲೈ ಉಣ್ಣೆಯೇ!"
ಮೊಸಳೆಯೂ ಬೆವರುವ ಊರಿನಲ್ಲಿ, ಉಣ್ಣೆ.

ಪಾದ್ರಿ ಪಟ್ಟಿ ತಿರುವಿ ಹೇಳಿದ್ದರಂತೆ:
ಈ ಹೆಸರಿನ ಸಂತಳಿಲ್ಲ.
ಅಮ್ಮ ಅಂದಳಂತೆ: ಹಾಗಾದರೆ ಜಾಗ ಖಾಲಿ ಇದೆ, ಬರೆಯಿರಿ.

ಹಲಗೆ ನೋಡು, ಒಲೆಯ ಮೇಲಿನ ಗೋಡೆಯಲ್ಲಿ.
ಹತ್ತು ಅಕ್ಷರವಿತ್ತು. ಚಿಕ್ಕಪ್ಪ ತೆಯೋಜೆನ್
ದೋಣಿಯ ಹಿಂಬದಿಗೆ ನೀಲಿ ಬಣ್ಣದಲ್ಲಿ ಬರೆದದ್ದು:
ಮಾರ್ಜೊಲೇನ್. ಅಂದರೆ ಮರುಗ.
ಅಜ್ಜಿ ಕಾಫಿ ಡಬ್ಬದಲ್ಲಿ ಬೆಳೆಸುತ್ತಿದ್ದ ಪುಟ್ಟೆಲೆಯ ಗಿಡ,
ಕಿವುಚಿದರೆ ಇಡೀ ದಿನ ಕೈ ಘಮ.
ಬಿರುಗಾಳಿ ಬಂತು. ಮರುಗ ಮುಳುಗಿತು.
ಮರುಗಲು ಯಾರಿಗೂ ಪುರಸೊತ್ತಿರಲಿಲ್ಲ;
ಮಾಡಿನವರೆಗೆ ನೀರು, ಅಮ್ಮನಿಗೆ ದಿನ ತುಂಬಿತ್ತು.
ನಾನು ಹುಟ್ಟಿದ ಹನ್ನೊಂದನೆಯ ದಿನ
ಅಪ್ಪ ಜೊಂಡಿನೊಳಗಿಂದ ಹಲಗೆ ಎಳೆದು ತಂದ.
ಮೊದಲ ಮೂರಕ್ಷರ ತುಂಡಾಗಿ ಹೋಗಿತ್ತು.

ಪಕ್ಕದ ಮನೆಯ ಸೆವೆರಿನಾ, ಸ್ಪ್ಯಾನಿಷ್ ಮಾತಿನವಳು,
ಮುರಿದ ತುದಿ ಮುಟ್ಟಿ ನಿಂತಳಂತೆ:
"ಮಾರ್. ನಮ್ಮಲ್ಲಿ ಅದು ಸಮುದ್ರ.
ತನ್ನ ಹೆಸರು ತಾನು ತಗೊಂಡು ಹೋಗಿದೆ,
ಉಳಿದದ್ದು ನಿಮಗೆ."

'ಜೆ' ಎಲ್ಲಿ ಅಂತೀಯ? ಅದು ಸಮುದ್ರದ ಪಾಲಲ್ಲ.
ಹಲಗೆಯನ್ನು ತೊಟ್ಟಿಲ ತಲೆಗೆ ಬಡಿಯುವಾಗ
ಅಪ್ಪನ ಮೊಳೆ ಸೀದಾ ಅದರ ಮೇಲೆ ಬಿತ್ತು.
ಕೈ ನಡುಗಿತೋ, ಬೇಕೆಂತಲೋ, ಕೇಳಲಿಲ್ಲ ನಾನು.
ಬೆರಳಿಡು. ತೂತಿನಲ್ಲಿ ತುಕ್ಕು ಇನ್ನೂ ಇದೆ.
ಉಳಿದ ಆರನ್ನು ಕೂಡಿಸಿ ಕೂಡಿಸಿ ಓದಿದನಂತೆ,
ಅಳುತ್ತಿದ್ದವಳು ಸುಮ್ಮನಾದೆನಂತೆ.
ಅಷ್ಟೇ ನಾಮಕರಣ.

ಮಗುವಿಗೆ ಇಡುವುದಾದರೆ ಇಡು, ಬಿಡುವುದಾದರೆ ಬಿಡು.
ಆ ಸಿಪ್ಪೆಯ ತಟ್ಟೆ ಇತ್ತ ಕೊಡು, ಬೆಕ್ಕು ಕಾಯುತ್ತಿದೆ.
ಪುಸ್ತಕದ ಮೇಲೆ ಸಿಟ್ಟು ಬೇಡ, ತಪ್ಪಿಲ್ಲ ಅದರದು.
ಹಲಗೆ ಸಿಕ್ಕಿತು. ತೆಯೋಜೆನ್ ಸಿಗಲಿಲ್ಲ.
ಇನ್ನೊಮ್ಮೆ ಓದು ಆ ಸಾಲು, ನಿಧಾನ,
ಸರಿಯಾಗಿಯೇ ಬರೆದಿದ್ದಾರೆ. ಅರ್ಥ:
ಸಿಕ್ಕಿಲ್ಲ.