ಇಪ್ಪತ್ತು ಗ್ರಾಂ

ಹೆಗಲ ಚೀಲದಲ್ಲಿ ಹನ್ನೊಂದು ಬಟ್ಟು,
ಸ್ಕ್ರೂಡ್ರೈವರು, ಸೀಸದ ಚೂರು, ಮೊಸರನ್ನದ ಡಬ್ಬಿ,
ಎಲ್ಲದರ ಅಡಿಗೆ, ರಬ್ಬರ್ ಬ್ಯಾಂಡ್ ಬಿಗಿದ,
ಪಾಸ್ಟರು ಕೊಟ್ಟ ಕರಪತ್ರದ ಕಟ್ಟು.
ಹೋದಲ್ಲೆಲ್ಲ ಹಂಚಿ ಅಂದಿದ್ದರು.
ಮೂರು ತಿಂಗಳಾಯಿತು. ಬ್ಯಾಂಡು ಕಾಗದಕ್ಕೆ ಅಂಟಿಕೊಂಡಿದೆ.

ಆರೂಕಾಲಿನ ಬಸ್ಸು. ದಾವಣಗೆರೆ ಇನ್ನೂ
ಬಾಗಿಲಿಗೆ ನೀರು ಹಾಕುತ್ತಿದೆ.
ಕಂಡಕ್ಟರು ಚೀಲ ಸರಿಸಲು ಹೋಗಿ ಸೊಂಟ ಹಿಡಿದುಕೊಂಡ:
"ಏನ್ ಸ್ವಾಮಿ, ದುರ್ಗದ ಕೋಟೆ ಕಲ್ಲು
ವಾಪಸ್ ಇಡಾಕೆ ಹೊಂಟೀರೇನು?"
ತಕ್ಕಡಿ ರಿಪೇರಿ, ಅಂದೆ.
ಲಗೇಜ್ ಹಾಕಲಿಲ್ಲ, ಪುಣ್ಯಾತ್ಮ.

ಆನಗೋಡಿನ ತನಕ ಊರು, ಕೆಲಸ, ಮಕ್ಕಳೆಷ್ಟು.
ಭರಮಸಾಗರ ದಾಟಿದ ಮೇಲೆ
ಪಕ್ಕದವರ ದನಿ ಒಂದು ಮೆಟ್ಟಿಲು ಇಳಿಯುತ್ತದೆ:
"ನೀವು... ಯಾವ ಜನ?"

ಸಮಾಧಾನಪ್ಪ ಅಂತ ಹೆಸರಿಟ್ಟರು ನಮ್ಮಪ್ಪ.
ಯಾವ ಜನಕ್ಕಾದರೂ ಒಪ್ಪೀತು; ಅದರ ನೆರಳಲ್ಲಿ
ಎಷ್ಟು ಸಲ ಅಡಗಿ ಕೂತಿಲ್ಲ ನಾನು!
"ಈ ಕಡೆಯವರೇ" ಅಂದು ಕಿಟಕಿಗೆ ತಿರುಗಿದೆ.
ಗುಡ್ಡದ ಮೇಲೆ ಗಾಳಿಯಂತ್ರಗಳು
ಬೀಸಿದತ್ತ ಮುಖ ಮಾಡಿ ನಿಂತಿದ್ದವು.
ಯಾವ ಕೋಳಿಯೂ ಕೂಗಲಿಲ್ಲ.
ಡ್ರೈವರು ಎಮ್ಮೆಗೆ ಹಾರ್ನ್ ಹೊಡೆದ, ಅಷ್ಟೇ.

ಚಳ್ಳಕೆರೆ. ಶೇಂಗಾ ಧೂಳು. ಪಾಲಾಕ್ಷಪ್ಪನವರ ಮಂಡಿ.
ಯಂತ್ರ ಬಿಚ್ಚಿದೆ: ತಳದಲ್ಲಿ ಸತ್ತ ಜಿರಳೆ, ಒಂದು ಹಿಡಿ ಬೀಜ.
ಒರೆಸಿ, ಬಟ್ಟು ಇಟ್ಟು, ಸೊನ್ನೆಗೆ ತಂದೆ.
"ಕಿಲೋಗೆ ಇಪ್ಪತ್ತು ಗ್ರಾಂ ನಮ್ಮ ಕಡೆ ವಾಲಲಿ.
ಐನೂರು ಮೇಲೆ ಕೊಡ್ತೀನಿ."
ಆಗಲ್ಲ ಯಜಮಾನ್ರೆ.
"ಇನ್ಸ್‌ಪೆಕ್ಟರ್ ಹೆದರಿಕೆಯಾ? ಅವರು ನಮ್ಮೋರೇ."
ಅವರಲ್ಲ.
"ಮತ್ತೆ ನೀವು ಯಾರ ಕಡೆಯೋರ್ರೀ?"

ಬಸ್ಸಿನಲ್ಲಿ ನುಂಗಿದ್ದು ಇಲ್ಲಿ ಬಾಯಿಗೆ ಬಂತು:
"ಯೇಸುಸ್ವಾಮಿ ಕಡೆಯೋನು."
ಹಮಾಲರು ನಕ್ಕರು. ಅವರೂ ನಕ್ಕರು:
"ನಿಮ್ ಸ್ವಾಮಿ ನಿಮಗೆ ಎಷ್ಟು ಗ್ರಾಂ ಹೆಚ್ಚು ತೂಗಿದ್ರು?"
"ನನ್ನ ಇಟ್ಟು ನೋಡಿದಾಗ ಕಮ್ಮಿ ಬಿದ್ದೆ.
ಬಿದ್ದಷ್ಟನ್ನೂ ಅವರೇ ತುಂಬಿದರು."
ನಗು ನಿಂತಿತು. ಕೂಲಿಯೂ ನಿಂತಿತು.
ನಾಳೆಯಿಂದ ಹಿರಿಯೂರಿನ ಹುಡುಗನಿಗೆ ಹೇಳ್ತಾರಂತೆ.

ಹೊರಗೆ ಬೇವಿನ ಬುಡದಲ್ಲಿ ಹುಣಸೆಹಣ್ಣಿನ ಗಂಟು,
ಗಂಟಿನ ಪಕ್ಕ ಕೆಂಚವ್ವ.
"ನಿನ್ನ ಬಟ್ಟಿನಾಗೆ ಒಂದು ಸಾರಿ ತೂಗಪ್ಪ,
ಒಳಗೆ ಏನಂತಾರೋ ನೋಡಣ."
ತೂಗಿದೆ. ಕೈ ಚೀಲದ ತಳಕ್ಕೆ ಹೋಗಿ
ಒಂದು ಕರಪತ್ರ ಹರಿಯದಂತೆ ಬಿಡಿಸಿ ತಂದಿತು.
ಹಿಂದೆ ಮುಂದೆ ತಿರುಗಿಸಿದಳು.
"ಓದಾಕೆ ಬರಲ್ಲ. ನೀನೇ ಹೇಳು."

ಬಸ್ಸಿಗೆ ಹೊತ್ತಾಗಿತ್ತು. ಕೂತೆ.
ಹತ್ತು ಕಾಸಿನಲ್ಲಿ ಒಂದು ಕಳಕೊಂಡವಳ ಕತೆ ಹೇಳಿದೆ:
ದೀಪ ಹಚ್ಚಿದ್ದು, ಕಸ ಗುಡಿಸಿದ್ದು,
ಸಿಕ್ಕಿದ ಖುಷಿಗೆ ಓಣಿಯವರನ್ನೆಲ್ಲ ಕರೆದದ್ದು.
"ಬಂದೋರಿಗೆ ಉಣ್ಣಾಕೆ ಇಕ್ಕಿರಬೇಕಲ್ಲ?"
ಇಕ್ಕಿರಬೇಕು.
"ಅಯ್ಯೋ ಹುಚ್ಚಿ! ಕಾಸಿಗಿಂತ ಖರ್ಚೇ ಜಾಸ್ತಿ ಆತಲ್ಲಪ್ಪ!"
ಸೆರಗು ಬಾಯಿಗಿಟ್ಟು ನಕ್ಕಳು,
ಕಣ್ಣಲ್ಲಿ ನೀರು ಬರುವಷ್ಟು.

ಮೂವತ್ತೊಂದು ವರ್ಷ ತೂಗಿದವನು,
ಎಷ್ಟೋ ಭಾನುವಾರ ಅದೇ ಕತೆ ಕೇಳಿದವನು,
ಆ ಖರ್ಚು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ದುರ್ಗದಲ್ಲಿ ಬಸ್ಸು ಬದಲಿಸಿದೆ. ಕತ್ತಲು.
ಪಕ್ಕಕ್ಕೆ ಬಂದವರ ತೊಡೆಯ ಮೇಲೆ ಕುಕ್ಕರಿನ ಪೆಟ್ಟಿಗೆ.
ಊರು ಕೇಳಿದರು. ಕೆಲಸ ಕೇಳಿದರು.
ಭರಮಸಾಗರ ಇನ್ನೂ ದೂರ ಇತ್ತು.
"ನಮ್ಮ ಪೈಕಿ ಒಬ್ಬಳಿದ್ದಾಳೆ," ನಾನೇ ಶುರು ಮಾಡಿದೆ,
"ಕಳೆದ ಕಾಸು ಸಿಕ್ಕಿತು ಅಂತ
ಕಾಸಿಗಿಂತ ಹೆಚ್ಚು ಖರ್ಚು ಮಾಡಿದವಳು."
ಪೆಟ್ಟಿಗೆ ಕೆಳಗಿಟ್ಟು ಈ ಕಡೆ ತಿರುಗಿದರು:
"ಹೌದಾ? ಯಾವ ಊರಾಗೆ?"