ಎಂಬತ್ತೆರಡು ಕುರ್ಚಿ, ಒಂದು ಕ್ರೇಟು

ಬಂದರಿನ ಅಂಗಡಿಯವ ಹೇಳಿದ:
ಕುರ್ಚಿಗೆ ಎಂಟು ರೂಪಾಯಿ, ದೋಣಿಯ ಖರ್ಚು ಬೇರೆ,
ಮುರಿದರೆ ಮುನ್ನೂರು.
ಲೆಕ್ಕದ ಪುಸ್ತಕ ಮಡಚಿ ನಾನು ಕಡವು ದಾಟಿ ಬೆಂಗ್ರೆಗೆ ಮರಳಿದೆ.
ವಾರ್ಷಿಕೋತ್ಸವಕ್ಕೆ ಉಳಿದದ್ದು
ಶಾಮಿಯಾನಕ್ಕೆ, ಮೈಕಿಗೆ, ಬಹುಮಾನದ ಸ್ಟೀಲು ಲೋಟಕ್ಕೆ. ಅಷ್ಟೇ.

ಪೋಷಕರ ಸಭೆಯಲ್ಲಿ ಅವ್ವಮ್ಮ
ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಕೇಳಿದರು:
'ಕೂತುಕೊಳ್ಳುವುದು ನಾವೇ ಅಲ್ಲವಾ ಟೀಚರೇ?
ಮತ್ತೆ ಕುರ್ಚಿ ಯಾಕೆ ಬೇರೆಯವರದ್ದು?'

ಶನಿವಾರ ಮೂರು ಗಂಟೆಗೆ ಮರಳ ದಾರಿಯಲ್ಲಿ
ತಲೆಗಳ ಮೇಲೆ, ಕಾಲು ಮೇಲಾಗಿ, ಬಂದವು ಕುರ್ಚಿಗಳು.
ಕೊಂಬಿನ ಪ್ರಾಣಿಗಳ ಹಿಂಡೊಂದು
ದಾಖಲಾತಿಗೆ ಹೊರಟ ಹಾಗೆ.
ಕೆಂಪು ಪ್ಲಾಸ್ಟಿಕ್ಕಿನವು, ಬಿಸಿಲಿಗೆ ಬಿಳುಚಿ ಗುಲಾಬಿಯಾದವು,
ಕರ್ಕೇರರ ಮನೆಯ ಬೆತ್ತದ್ದು
(ಅಜ್ಜ ತೀರಿದ ಮೇಲೆ ಯಾರೂ ಕೂತಿರಲಿಲ್ಲ),
ಸಲೂನಿನ ಲೋಕೇಶ ಭಂಡಾರಿಯ ತಿರುಗುವ ಕುರ್ಚಿ,
ಮುಖ್ಯ ಅತಿಥಿಗೆ ಅದು ಬೇಡವೆಂದು ಒಮ್ಮತದ ನಿರ್ಣಯ.
ಮದರಸದ ಉದ್ದ ಬೆಂಚು ಎರಡು, ಭಜನಾ ಮಂದಿರದ ಜಮಖಾನ,
ಕೂತವರನ್ನು ಎಡಕ್ಕೆ ವಾಲಿಸುವ
ಫ್ಲೋರಿನ್ ಬಾಯಿಯ ಮದುವೆಯ ಸೋಫಾ.

ಒಂದೊಂದರ ಹೊಟ್ಟೆಯಡಿಗೂ
ಬೋಟಿಗೆ ಬಳಿದು ಉಳಿದ ಪೈಂಟಿನಲ್ಲಿ
ಮಕ್ಕಳೇ ಬರೆದ ಮನೆಯ ಹೆಸರು.
ಲ ಇರುವಲ್ಲಿ ಳ, ಳ ಇರುವಲ್ಲಿ ಲ.
ತಿದ್ದಲಿಲ್ಲ ನಾನು.

ಕೊನೆಗೆ ಬಂದಳು ಯಲ್ಲವ್ವ, ಗದಗದ ಕಡೆಯವಳು,
ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವಳು.
'ನಮ್ಮನ್ಯಾಗ ಕುರ್ಚಿ ಇಲ್ರೀ ಟೀಚರ್' ಎಂದು
ಮೀನಿನ ನೀಲಿ ಕ್ರೇಟೊಂದನ್ನು ಬೋರಲು ಹಾಕಿ
ಕೌದಿ ಮಡಚಿ ಹಾಸಿದಳು.
ಮೂರು ಸಲ ಸಾಬೂನು ಹಾಕಿ ತೊಳೆದಿದ್ದಳು.
ಆದರೂ ಬಂಗುಡೆ ಬಂಗುಡೆಯೇ.

ಅವಳ ಮಗಳು ಕಸ್ತೂರಿ, ಏಳನೇ ತರಗತಿ,
ಜಿಲ್ಲೆಯ ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣಕ್ಕೆ ಎರಡನೆಯವಳು.
ಎತ್ತಿದ ಚೀಟಿಯಲ್ಲಿ ಇದ್ದ ವಿಷಯ: ನನ್ನ ಊರು.
ಅಂದು ನನ್ನ ಎದೆ ಧಸಕ್ಕೆಂದಿತ್ತು.
ಯಾವ ಊರೆಂದು ಹೇಳೀತು ಈ ಹುಡುಗಿ?
ಹುಟ್ಟಿದ್ದು ಜೋಳದ ಹೊಲದ ಬದಿಯಲ್ಲಿ,
ಮನೆಯಲ್ಲಿ ಒಂದು ಕನ್ನಡ, ಶಾಲೆಯಲ್ಲಿ ಇನ್ನೊಂದು,
ದೋಣಿಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ.

ಅವಳು ಹೇಳಿದಳು:
'ನನ್ನ ಊರಿಗೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ನಮ್ಮ ಶಾಲೆ.
ಬೆಳಿಗ್ಗೆ ಎಬ್ಬಿಸುವುದು ಅವ್ವ. ತಲೆ ಬಾಚುವುದು ಜಲಜಕ್ಕ.
ಮಗ್ಗಿ ಕೇಳುವುದು ಅವ್ವಮ್ಮ. ಅವರಿಗೆ ಓದಲು ಬರುವುದಿಲ್ಲ,
ನಾನು ತಪ್ಪಿದರೆ ಮಾತ್ರ ಗೊತ್ತಾಗುತ್ತದೆ.
ಹಾಗಾಗಿ ನನ್ನ ಊರು ಎಂದರೆ...'
ಗಂಟೆ ಹೊಡೆಯಿತು. ಎರಡು ನಿಮಿಷ ಮುಗಿಯಿತು.
ಇಲ್ಲದಿದ್ದರೆ ಮೊದಲನೆಯದೇ
ಎಂಬುದು ಬೆಂಗ್ರೆಯ ತೀರ್ಪು.

ಮೈಕಿನಲ್ಲಿ ನಾನು ಕರೆದೆ:
ಕಸ್ತೂರಿಯ ಮನೆಯವರು ವೇದಿಕೆಗೆ ಬರಬೇಕು.
ಕ್ರೇಟಿನಿಂದ ಯಲ್ಲವ್ವ ಎದ್ದಳು.
ಸೋಫಾದಿಂದ ಜಲಜಕ್ಕ ಎದ್ದರು, ಅಳಿಸಿದ ಕಾಡಿಗೆ.
ಬೆಂಚಿನಿಂದ ಅವ್ವಮ್ಮ, ಮಂಡಿ ಹಿಡಿದು, ಯಾ ರಬ್ಬೇ ಎನ್ನುತ್ತ.
ಹಿಂದೆ ಖಾಲಿ ಕುರ್ಚಿಯೊಂದು ಸುಮ್ಮನೆ ತಿರುಗುತ್ತಿತ್ತು:
ಲೋಕೇಶನೂ ಹೊರಟಿದ್ದ,
ತನ್ನ ಕನ್ನಡಿಯ ಮುಂದೆ ನಿಲ್ಲಿಸಿ
ತಿಂಗಳುಗಟ್ಟಲೆ ಅವಳಿಂದ ಮಾತಾಡಿಸಿದವನು.
ಅತಿಥಿಯ ಕೈಯಲ್ಲಿ ಒಂದೇ ಲೋಟ.
ಅದನ್ನು ಕಡೆಗೆ ಯಾರು ಹಿಡಿದರೋ, ಫೋಟೋದಲ್ಲಿ ತಿಳಿಯುವುದಿಲ್ಲ.
ಬರೀ ಕೈಗಳು.

ಶಾಮಿಯಾನದವನಿಗೆ ಕಡೆಯ ದೋಣಿಯ ಅವಸರ,
ಜನ ಏಳುವ ಮೊದಲೇ ಬಲ್ಬು ಬಿಚ್ಚಿದ.
ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹೊತ್ತು
ಎಲ್ಲರೂ ಮನೆಗೆ ಹೋದರು.

ಸೋಮವಾರ ನೋಡಿದರೆ
ಕ್ರೇಟು ಫ್ಲೋರಿನ್ ಬಾಯಿಯ ಬಚ್ಚಲಲ್ಲಿ,
ಯಲ್ಲವ್ವನ ಬಾಗಿಲಲ್ಲಿ ಒಂದು ಕೆಂಪು ಕುರ್ಚಿ
(ಯಾರ ಹೆಸರೆಂದು ಬಗ್ಗಿ ನೋಡಲಿಲ್ಲ),
ಕರ್ಕೇರಜ್ಜನ ಬೆತ್ತದ್ದು ಅವ್ವಮ್ಮನ ಜಗಲಿಯಲ್ಲಿ,
ಅದರಲ್ಲಿ ಜಲಜಕ್ಕನೇ ಕೂತು ಬಸಳೆ ಬಿಡಿಸುತ್ತಿದ್ದರು.
'ಬದಲಿಸಿಕೊಳ್ಳುವುದಿಲ್ಲವಾ?' ಕೇಳಿದೆ.
'ಬರುವ ವರ್ಷ ಹೇಗೂ ಹೊರಬೇಕಲ್ಲ ಟೀಚರೇ,'
ಅವ್ವಮ್ಮ ಒಳಗಿನಿಂದಲೇ ಹೇಳಿದರು,
'ಶಾಲೆಗೆ ಇನ್ನೂ ಹೊತ್ತಿದೆ, ಕೂತುಕೊಳ್ಳಿ.'